ಬೆಳಿಗ್ಗೆ ಹಗ್ಗ, ಮಧ್ಯಾಹ್ನ ಬಣ್ಣ: ವಿನಿಮಯ ವಿದ್ಯಾರ್ಥಿಗಳ ಹೊರಾಂಗಣ ದಿನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೇರೆ ದೇಶಗಳಿಂದ ಬಂದ ವಿದ್ಯಾರ್ಥಿಗಳು, ಅವರನ್ನು ಬರಮಾಡಿಕೊಂಡ ಶಾಲೆಯ ಮಕ್ಕಳು, ಎಲ್ಲರೂ ಸೇರಿ ಒಂದು ಇಡೀ ದಿನ ಬಯಲಲ್ಲಿ ಕಳೆಯುತ್ತಾರೆ. ಬೆಳಿಗ್ಗೆ ಹತ್ತುವುದು, ದೋಣಿ, ನಕ್ಷೆ ಹಿಡಿದು ಓಡುವುದು. ಮಧ್ಯಾಹ್ನ ಕೂತು ಕೈಯಿಂದ ಏನಾದರೂ ಮಾಡುವುದು. ಹೊರಡುವ ಮೊದಲು ವಿದ್ಯಾರ್ಥಿಗಳು, ಹೆತ್ತವರು, ಆತಿಥೇಯ ಕುಟುಂಬದವರು, ಜೊತೆಗೆ ಬರುವ ಶಿಕ್ಷಕರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇವೆ. ಎಲ್ಲವನ್ನೂ ಓದಲು ಸಮಯ ಇಲ್ಲದಿದ್ದರೆ ಪರವಾಗಿಲ್ಲ. ಹಗ್ಗ, ನೀರು, ಗುಡುಗು ಈ ಮೂರರ ಉತ್ತರಗಳನ್ನು ಮಾತ್ರ ಬಿಡಬೇಡಿ.

ಊರು ಸುತ್ತಾಡಿಸಿದರೆ ಸಾಲದಾ? ಈ ದಿನ ಯಾಕೆ ಬೇಕು?

ಊರು ಸುತ್ತುವುದೂ ಬೇಕು. ಆದರೆ ಬಸ್ಸಿನಲ್ಲಿ ಏನಾಗುತ್ತದೆ ಅಂತ ಒಮ್ಮೆ ಗಮನಿಸಿ ನೋಡಿ. ಒಂದೇ ದೇಶದವರು ಒಂದೇ ಸಾಲಿನಲ್ಲಿ ಕೂರುತ್ತಾರೆ. ಆತಿಥೇಯ ಶಾಲೆಯ ಮಕ್ಕಳು ಹಿಂದಿನ ಸೀಟು ಹಿಡಿಯುತ್ತಾರೆ. ಇಡೀ ದಿನ ಜೊತೆಗಿದ್ದೂ ಎರಡು ಗುಂಪುಗಳು ಹಾಗೇ ಉಳಿದುಬಿಡುತ್ತವೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಒಬ್ಬರಿಗೊಬ್ಬರು ಬೇಕಾಗುವ ಕೆಲಸವೇ ಅಲ್ಲಿಲ್ಲ, ಅಷ್ಟೇ.

ಹಗ್ಗದ ಒಂದು ತುದಿ ಒಬ್ಬರ ಸೊಂಟದಲ್ಲಿ, ಇನ್ನೊಂದು ತುದಿ ಇನ್ನೊಬ್ಬರ ಕೈಯಲ್ಲಿ ಇದ್ದಾಗ ಹಾಗಿರಲು ಆಗುವುದಿಲ್ಲ. ಮಾತು ಬರಲಿ ಬಿಡಲಿ, ನೋಡಬೇಕು, ಕಾಯಬೇಕು, ನಂಬಬೇಕು. ನಮ್ಮ ಅನುಭವದಲ್ಲಿ ಮೈಚಳಿ ಬಿಡುವುದು ಇಲ್ಲೇ. ಪರಿಚಯದ ಆಟಗಳಲ್ಲಿ ಹೆಸರು ಗೊತ್ತಾಗುತ್ತದೆ. ಆ ಹೆಸರಿನ ಹುಡುಗಿ ಎಂಥವಳು ಅಂತ ಗೊತ್ತಾಗುವುದು ಜೊತೆಗೆ ಒಂದು ಕಷ್ಟದ ಕೆಲಸ ಮಾಡಿದಾಗ.

ದಿನದಲ್ಲಿ ಎಷ್ಟು ಚಟುವಟಿಕೆ ಇರಬೇಕು?

ಮೂರು ಸಾಕು. ಹತ್ತುವುದು, ದೋಣಿ, ನಕ್ಷೆಯ ಓಟ ಇವುಗಳಲ್ಲಿ ಆರಿಸಿದ ಎರಡು ಸಾಹಸದ್ದು, ಒಂದು ಕೈಕೆಲಸದ್ದು. ಐದಾರು ತುರುಕಿದರೆ ದಿನವೆಲ್ಲ ಸಾಲಿನಲ್ಲಿ ನಿಲ್ಲುವುದರಲ್ಲೇ ಕಳೆದುಹೋಗುತ್ತದೆ. ಸಾಮಗ್ರಿ ಹಾಕಿಕೊಳ್ಳುವುದು, ಬಿಚ್ಚುವುದು, ಒಂದು ಜಾಗದಿಂದ ಇನ್ನೊಂದಕ್ಕೆ ನಡೆಯುವುದು ಎಲ್ಲಕ್ಕೂ ಅಂದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಬೇಕು. ಅದೂ ಅಲ್ಲದೆ ಇಂಥ ದಿನದ ಒಳ್ಳೆಯ ಕ್ಷಣಗಳು ಬರುವುದು ಚಟುವಟಿಕೆಗಳ ನಡುವಿನ ಬಿಡುವಿನಲ್ಲಿ. ಒದ್ದೆ ಶೂ ಬಿಚ್ಚುತ್ತಾ, ನೀರಿನ ಬಾಟಲಿ ಹಂಚಿಕೊಳ್ಳುತ್ತಾ ಮಾತು ಶುರುವಾಗುತ್ತದೆ. ಆ ಬಿಡುವನ್ನು ವೇಳಾಪಟ್ಟಿಯಲ್ಲೇ ಬರೆದಿಡಿ.

ಗುಂಪುಗಳನ್ನು ಹೇಗೆ ಮಾಡಬೇಕು? ಮಕ್ಕಳೇ ಆರಿಸಿಕೊಳ್ಳಲಿ ಬಿಡಬಹುದಾ?

ಬೇಡ. ಅವರಿಗೆ ಬಿಟ್ಟರೆ ಪರಿಚಯದವರ ಪಕ್ಕವೇ ನಿಲ್ಲುತ್ತಾರೆ, ಒಬ್ಬಿಬ್ಬರು ಯಾರಿಗೂ ಬೇಡವಾಗಿ ಉಳಿಯುತ್ತಾರೆ. ಹೊಸ ದೇಶಕ್ಕೆ ಬಂದವರಿಗೆ ಅದಕ್ಕಿಂತ ನೋವಿನ ಸಂಗತಿ ಇನ್ನೊಂದಿಲ್ಲ. ಹಿಂದಿನ ದಿನವೇ ಪಟ್ಟಿ ಮಾಡಿ. ಎಂಟು ಜನರ ಗುಂಪು ನಿಭಾಯಿಸಲು ಸುಲಭ. ಅದರೊಳಗೆ ಇಬ್ಬಿಬ್ಬರ ಜೋಡಿ, ಒಬ್ಬರು ಹೊರಗಿನವರು, ಒಬ್ಬರು ಇಲ್ಲಿಯವರು.

ಒಂದು ಸಣ್ಣ ಎಚ್ಚರಿಕೆ. ಇಡೀ ಗುಂಪಿನಲ್ಲಿ ಒಬ್ಬ ವಿದ್ಯಾರ್ಥಿಯ ಭಾಷೆ ಬೇರೆ ಯಾರಿಗೂ ಬರದಿದ್ದರೆ ಆತ ಸಂಜೆಯ ಹೊತ್ತಿಗೆ ಸುಸ್ತಾಗುತ್ತಾನೆ. ಪರಭಾಷೆಯಲ್ಲಿ ದಿನವಿಡೀ ಕಿವಿಗೊಟ್ಟು ಕೇಳುವುದು ಬೆಟ್ಟ ಹತ್ತುವಷ್ಟೇ ದಣಿವು ತರುತ್ತದೆ. ಆತನ ಭಾಷೆ ಆಡುವ ಇನ್ನೊಬ್ಬರು ಅದೇ ಎಂಟು ಜನರಲ್ಲಿ ಇರಲಿ, ಜೋಡಿಯಲ್ಲಿ ಬೇಡ. ಬೇಕೆಂದಾಗ ನಾಲ್ಕು ಮಾತು ಆಡಲು ಸಿಗುತ್ತಾರೆ.

ಭಾಷೆ ಸರಿಯಾಗಿ ಬರದವರು ಹಗ್ಗದ ಮೇಲೆ ಹೋಗುವುದು ಅಪಾಯ ಅಲ್ವಾ?

ಸರಿಯಾಗಿ ತಯಾರಿ ಮಾಡದಿದ್ದರೆ ಅಪಾಯವೇ. ಅದಕ್ಕೇ ಇದಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇವೆ.

ಮೊದಲನೆಯದು, ತಲೆ ಆಡಿಸಿದರೆ ಅರ್ಥವಾಗಿದೆ ಅಂತ ತಿಳಿಯಬಾರದು. ವಿನಿಮಯ ವಿದ್ಯಾರ್ಥಿಗಳು ಮರ್ಯಾದೆಗೆ ತಲೆ ಆಡಿಸುತ್ತಾರೆ, ಸಂಕೋಚಕ್ಕೆ ಆಡಿಸುತ್ತಾರೆ, ಉಳಿದವರು ಕಾಯುತ್ತಿದ್ದಾರಲ್ಲ ಅಂತಲೂ ಆಡಿಸುತ್ತಾರೆ. "ಗೊತ್ತಾಯ್ತಾ?" ಅಂತ ಕೇಳುವ ಬದಲು "ಮಾಡಿ ತೋರಿಸು" ಅನ್ನಿ. ಹಗ್ಗ ಕಟ್ಟುವ ಸೊಂಟದ ಬೆಲ್ಟ್ ಹಾಕಿ ತೋರಿಸಲಿ, ಗಂಟು ಹಾಕಿ ತೋರಿಸಲಿ, ಹಗ್ಗ ಹಿಡಿದು ತೋರಿಸಲಿ.

ಎರಡನೆಯದು, ಕೂಗಿ ಹೇಳಬೇಕಾದ ಮಾತುಗಳು ನಾಲ್ಕೈದಕ್ಕಿಂತ ಹೆಚ್ಚಿರಬಾರದು. ನಿಲ್ಲು, ಹಗ್ಗ ಬಿಗಿ ಮಾಡು, ಸಡಿಲ ಬಿಡು, ಇಳಿಸು. ಅವು ಎಲ್ಲರಿಗೂ ಒಂದೇ ಭಾಷೆಯಲ್ಲಿರಲಿ, ಪ್ರತಿಯೊಂದಕ್ಕೂ ಒಂದು ಕೈಸನ್ನೆ ಇರಲಿ. ನೆಲದ ಮೇಲೆ ನಿಂತು ಎಲ್ಲರೂ ಒಟ್ಟಿಗೆ ಕೂಗಿ, ಕೈ ಎತ್ತಿ ಅಭ್ಯಾಸ ಮಾಡಲಿ. ಗಾಳಿ ಬೀಸುತ್ತಿದ್ದರೆ ಭಾಷೆ ಬಂದವರಿಗೂ ಮಾತು ಕೇಳಿಸುವುದಿಲ್ಲ, ಆಗ ಸನ್ನೆಯೇ ಗತಿ. ಒಂದು ದೇಶದಲ್ಲಿ "ಸರಿ" ಅನ್ನುವ ಬೆರಳ ಸನ್ನೆ ಇನ್ನೊಂದು ದೇಶದಲ್ಲಿ ಬೈಗುಳವಾಗಿರಬಹುದು. ಹಾಗಾಗಿ ಇಡೀ ತೋಳು ಬಳಸುವ ದೊಡ್ಡ ಸನ್ನೆಗಳನ್ನೇ ಆರಿಸಿಕೊಳ್ಳಿ.

ಮೂರನೆಯದು ನನಗೆ ತುಂಬಾ ಇಷ್ಟ. ಹತ್ತುವವರು ಸೊಂಟದ ಬೆಲ್ಟಿಗೆ ಹಾಕುವ ಎಂಟರ ಆಕಾರದ ಗಂಟನ್ನು ಪರೀಕ್ಷಿಸಲು ಭಾಷೆಯೇ ಬೇಡ. ಸರಿಯಾಗಿ ಹಾಕಿದ ಗಂಟಿನಲ್ಲಿ ಹಗ್ಗದ ಎಳೆಗಳು ಜೋಡಿ ಜೋಡಿಯಾಗಿ, ಒಂದರ ಪಕ್ಕ ಒಂದು ಮಲಗಿರುತ್ತವೆ. ಕೆಳಗೆ ನಿಂತು ಹಗ್ಗ ಹಿಡಿಯುವ ಜೊತೆಗಾರ ಬೆರಳಿಟ್ಟು ಎಣಿಸುತ್ತಾನೆ: ಒಂದು, ಎರಡು, ಮೂರು, ನಾಲ್ಕು, ಐದು. ಐದು ಜೋಡಿ ಸಿಕ್ಕಿತೇ, ತುದಿಯಲ್ಲಿ ಸಾಕಷ್ಟು ಹಗ್ಗ ಉಳಿದಿದೆಯೇ, ಕೊಂಡಿಯ ತಿರುಪು ಬಿಗಿದಿದೆಯೇ? ಆಮೇಲೆ ಹತ್ತುವವಳು ಅವನ ಬೆಲ್ಟನ್ನೂ ಹಗ್ಗವನ್ನು ತಡೆದು ಹಿಡಿಯುವ ಸಾಧನವನ್ನೂ ಹಾಗೇ ನೋಡುತ್ತಾಳೆ. ಒಬ್ಬರು ತಮ್ಮ ಭಾಷೆಯಲ್ಲಿ ಎಣಿಸಿದ್ದನ್ನು ಇನ್ನೊಬ್ಬರು ಕಲಿತುಬಿಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಗುಂಪಿನವರೆಲ್ಲ ಮೂರು ಭಾಷೆಯಲ್ಲಿ ಐದರವರೆಗೆ ಎಣಿಸುತ್ತಿರುತ್ತಾರೆ. ಇದಾದ ಮೇಲೂ ತರಬೇತುದಾರರು ಒಮ್ಮೆ ನೋಡದೆ ಯಾರೂ ನೆಲ ಬಿಡುವುದಿಲ್ಲ.

ಹಗ್ಗ, ಕೊಂಡಿ ಇವೆಲ್ಲ ನಿಜವಾಗಿ ತಡೆಯುತ್ತವಾ?

ಹೆತ್ತವರು ಕೇಳಲೇಬೇಕಾದ ಪ್ರಶ್ನೆ ಇದು. ಹತ್ತುವ ಹಗ್ಗಕ್ಕೆ ಎರಡು ಭಾಗ. ಒಳಗಿನ ತಿರುಳು ಭಾರದ ಹೆಚ್ಚಿನ ಪಾಲನ್ನು ಹೊರುತ್ತದೆ, ಹೊರಗಿನ ಹೆಣಿಗೆ ಅದನ್ನು ಉಜ್ಜಾಟದಿಂದ ಕಾಯುತ್ತದೆ. ಹಗ್ಗ ಸ್ವಲ್ಪ ಹಿಗ್ಗುವಂತೆ ಮಾಡಿರುತ್ತಾರೆ, ಅದರಿಂದ ಜಾರಿದಾಗ ಮೈಗೆ ಬೀಳುವ ಜಗ್ಗು ಕಡಿಮೆಯಾಗುತ್ತದೆ. ಹೊಸಬರಿಗೆ ಹಗ್ಗವನ್ನು ಮೇಲಿನಿಂದ ಇಳಿಬಿಟ್ಟಿರುತ್ತಾರೆ. ಕೈ ಜಾರಿದರೂ ಹಗ್ಗ ಬಿಗಿಯಾಗಿದ್ದರೆ ಸ್ವಲ್ಪವೇ ಕೆಳಗಿಳಿದು ನೇತಾಡುತ್ತಾರೆ.

ಲೋಹದ ಕೊಂಡಿಯ ಬೆನ್ನಿನ ಮೇಲೆ ಅದರ ಬಲವನ್ನು ಕಿಲೋನ್ಯೂಟನ್ ಲೆಕ್ಕದಲ್ಲಿ ಕೊರೆದಿರುತ್ತಾರೆ. ಉದ್ದಕ್ಕೆ ಎಳೆದಾಗ ಸಾಮಾನ್ಯವಾಗಿ 20ಕ್ಕಿಂತ ಹೆಚ್ಚು, ಅಂದರೆ ಸುಮಾರು 2,000 ಕಿಲೋ ತೂಕಕ್ಕೆ ಸಮ. ಅದರ ಪಕ್ಕದಲ್ಲೇ ಇನ್ನೊಂದು ಅಂಕಿ ಇರುತ್ತದೆ, ಕೊಂಡಿಯ ಬಾಗಿಲು, ಅಂದರೆ ತಿರುಪಿನಿಂದ ಭದ್ರ ಮಾಡುವ ಭಾಗ, ತೆರೆದಿದ್ದಾಗಿನ ಬಲ. ಅದು ಮೊದಲನೆಯದರ ಮೂರನೇ ಒಂದು ಭಾಗದ ಆಸುಪಾಸು. ತಿರುಪು ಬಿಗಿಯಾಗಿದೆಯಾ ಅಂತ ಪದೇ ಪದೇ ನೋಡುವುದು ಇದಕ್ಕೇ. ಮಕ್ಕಳಿಗೆ ಕೊಂಡಿ ಕೈಗೆ ಕೊಟ್ಟು ಆ ಎರಡು ಅಂಕಿಗಳನ್ನು ಓದಿಸಿ. ಕಾರಣ ತಿಳಿದವರು ನಿಯಮ ಮುರಿಯುವುದಿಲ್ಲ.

ಬೆಲ್ಟ್ ಸೊಂಟದ ಮೂಳೆಗಿಂತ ಮೇಲೆ ಕೂರಬೇಕು. ಕೆಳಗೆ ಎಳೆದರೆ ಜಾರಬಾರದು. ಹೆಲ್ಮೆಟ್ ಹಣೆ ಮುಚ್ಚಬೇಕು, ಹಿಂದಕ್ಕೆ ವಾಲಿರಬಾರದು. ನೆಲದ ಮೇಲೆ ನಿಂತವರಿಗೂ ಹೆಲ್ಮೆಟ್ ಬೇಕು, ಮೇಲಿನಿಂದ ಕಲ್ಲು ಬೀಳುವುದು ಅವರ ತಲೆಗೇ ತಾನೇ?

ನನಗೆ ಎತ್ತರ ಅಂದರೆ ಭಯ. ಹತ್ತಲೇಬೇಕಾ?

ಇಲ್ಲ. ಈ ಮಾತನ್ನು ಬೆಳಿಗ್ಗೆಯೇ ಎಲ್ಲರ ಮುಂದೆ ಹೇಳುತ್ತೇವೆ. ಎಷ್ಟು ಎತ್ತರ ಅನ್ನುವುದನ್ನು ಹತ್ತುವವರೇ ತೀರ್ಮಾನಿಸುತ್ತಾರೆ. ಅಮೆರಿಕದಲ್ಲಿ 1971ರಲ್ಲಿ ಶುರುವಾದ ಪ್ರಾಜೆಕ್ಟ್ ಅಡ್ವೆಂಚರ್ ಎಂಬ ಸಂಸ್ಥೆಯಿಂದ ಹಬ್ಬಿದ ಪದ್ಧತಿ ಇದು: ಸವಾಲನ್ನು ಮುಂದಿಡಬಹುದು, ಎಷ್ಟು ಸ್ವೀಕರಿಸಬೇಕು ಅನ್ನುವ ಆಯ್ಕೆ ಮಾತ್ರ ವಿದ್ಯಾರ್ಥಿಯದು.

ಆದರೆ "ಬೇಡ" ಅಂದವರನ್ನು ಬೆಂಚಿನ ಮೇಲೆ ಕೂರಿಸಿಬಿಡಬಾರದು. ಹಗ್ಗ ಹಿಡಿದವರ ಹಿಂದೆ ನಿಂತು ಎರಡನೆಯವರಾಗಿ ಹಿಡಿಯಲು ಜನ ಬೇಕು. ಹೆಲ್ಮೆಟ್ ನೋಡಲು ಬೇಕು. ಮುಂದಿನ ಹಿಡಿ ಎಲ್ಲಿದೆ ಅಂತ ಕೆಳಗಿನಿಂದ ಹೇಳಲು ಬೇಕು. ಎಷ್ಟೋ ಸಲ ಭಯ ಇರುವವರೇ ಒಳ್ಳೆಯ ಹಗ್ಗಗಾರರಾಗುತ್ತಾರೆ. ಅವರ ಗಮನ ಅತ್ತಿತ್ತ ಹೋಗುವುದಿಲ್ಲ.

ನಿಮಗೆ ಮನಸ್ಸಿದೆ, ಕಾಲು ಮಾತ್ರ ನಡುಗುತ್ತಿದೆ ಅಂದರೆ ಮೊದಲು ಎರಡು ಹಿಡಿ ಹತ್ತಿ ಅಲ್ಲೇ ಹಗ್ಗದ ಮೇಲೆ ಕೂತು ನೋಡಿ. ಬೆಲ್ಟ್ ನಿಮ್ಮನ್ನು ಹಿಡಿದುಕೊಳ್ಳುತ್ತದೆ ಅಂತ ಮೈಗೆ ಗೊತ್ತಾಗಬೇಕು, ತಲೆಗೆ ಗೊತ್ತಾದರೆ ಸಾಲದು. ಆಮೇಲೆ ಮುಂದೆ ಹೋಗುವುದಾ, ಇಳಿಯುವುದಾ ನೋಡೋಣ. ಜೊತೆಗಾರರಿಗೆ ಒಂದು ಕೋರಿಕೆ: "ಇನ್ನೊಂಚೂರು, ಇನ್ನೊಂಚೂರು" ಅಂತ ಎಲ್ಲರೂ ಸೇರಿ ಕೂಗಬೇಡಿ. ನಿಮಗೆ ಅದು ಪ್ರೋತ್ಸಾಹ. ಮೇಲೆ ನಡುಗುತ್ತಾ ನಿಂತವರಿಗೆ ಇಳಿಯುವ ದಾರಿಯೇ ಮುಚ್ಚಿದಂತೆ. "ಏನು ಬೇಕು?" ಅಂತ ಒಬ್ಬರು ಕೇಳಿದರೆ ಸಾಕು.

ಈಜು ಬರದವರು ದೋಣಿ ಹತ್ತಬಹುದಾ?

ನಿಂತ ನೀರಿನಲ್ಲಿ, ದಡದ ಹತ್ತಿರ, ತರಬೇತುದಾರರು ಪಕ್ಕದಲ್ಲೇ ಇದ್ದು, ನೀರಲ್ಲಿ ತೇಲಿಸುವ ಸರಿಯಾದ ಜಾಕೆಟ್ ಹಾಕಿದ್ದರೆ ಹತ್ತಬಹುದು. ಆದರೆ ಈಜು ಬರುವುದಿಲ್ಲ ಅನ್ನುವುದನ್ನು ಮುಚ್ಚಿಡಬಾರದು. ಹತ್ತು ಜನರ ಮುಂದೆ "ಯಾರಿಗೆ ಈಜು ಬರಲ್ಲ?" ಅಂತ ಕೇಳಿದರೆ ಯಾರೂ ಕೈ ಎತ್ತುವುದಿಲ್ಲ. ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. "ಈಜು ಬರುತ್ತದೆ" ಅನ್ನುವ ಉತ್ತರವೂ ಸಾಲದು. ಈಜುಕೊಳದ ಈಜೇ ಬೇರೆ, ತಳ ಕಾಣದ ತಣ್ಣನೆಯ ನೀರೇ ಬೇರೆ.

ಜಾಕೆಟ್‌ಗಳೆಲ್ಲ ಒಂದೇ ಅಲ್ಲ. ತೇಲಿಸುವ ಬಲವನ್ನು ನ್ಯೂಟನ್ ಲೆಕ್ಕದಲ್ಲಿ ಬರೆದಿರುತ್ತಾರೆ. 50 ನ್ಯೂಟನ್ ಅಂತ ಬರೆದಿರುವುದು ತೇಲಲು ಸಹಾಯ ಮಾಡುತ್ತದೆ, ಅಷ್ಟೇ. ಅದು ಈಜು ಬಂದವರಿಗೆ, ಸಹಾಯ ಹತ್ತಿರದಲ್ಲೇ ಇರುವ ಜಾಗಕ್ಕೆ. ಎಚ್ಚರ ತಪ್ಪಿದವರ ಮುಖವನ್ನು ಅದು ಮೇಲಕ್ಕೆ ತಿರುಗಿಸುತ್ತದೆ ಅಂತ ನಂಬಬಾರದು. ಈಜು ಬರದವರಿಗೆ 100 ಅಥವಾ ಅದಕ್ಕಿಂತ ಹೆಚ್ಚಿನ ಜಾಕೆಟ್ ಕೇಳಿ ಪಡೆಯಿರಿ. ಹಾಕಿದ ಮೇಲೆ ಜೊತೆಗಾರರು ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಲಿ. ಜಾಕೆಟ್ ಕಿವಿಯವರೆಗೆ ಬಂದರೆ ಸಡಿಲವಿದೆ ಅಂತ ಅರ್ಥ.

ತಣ್ಣನೆಯ ನೀರಿಗೆ ಬಿದ್ದ ಮೊದಲ ಒಂದೆರಡು ನಿಮಿಷ ಉಸಿರು ತಾನಾಗಿ ಏದುತ್ತದೆ, ಎದೆ ಢವಗುಟ್ಟುತ್ತದೆ. ಗಟ್ಟಿ ಈಜುಗಾರರಿಗೂ ಇದು ತಪ್ಪಿದ್ದಲ್ಲ. ಆ ಹೊತ್ತಿನಲ್ಲಿ ಈಜಲು ಹೋಗಬೇಡಿ. ಹಿಂದಕ್ಕೆ ಒರಗಿ ತೇಲಿ, ಉಸಿರು ಹಿಡಿತಕ್ಕೆ ಬರಲಿ. ದೋಣಿ ಮಗುಚಿದರೆ ಅದನ್ನು ಬಿಡಬೇಡಿ, ಹಿಡಿದುಕೊಂಡೇ ಇರಿ. ಹುಡುಕುವವರಿಗೆ ತಲೆಗಿಂತ ದೋಣಿ ಬೇಗ ಕಾಣುತ್ತದೆ.

ಇನ್ನೊಂದು ಮಾತು, ಜೋಡಿ ಕಯಾಕ್ ಬಗ್ಗೆ, ಅಂದರೆ ಇಬ್ಬರು ಹಿಂದೆ ಮುಂದೆ ಕೂತು ಹುಟ್ಟು ಹಾಕುವ ಕಿರಿದಾದ ದೋಣಿ. ಇದರಲ್ಲಿ ಮುಂದೆ ಕೂತವರು ಹುಟ್ಟಿನ ಲಯ ಕೊಡುತ್ತಾರೆ. ಹಿಂದೆ ಕೂತವರು ಅದನ್ನು ನೋಡಿ ಹೊಂದಿಸಿಕೊಂಡು ದಿಕ್ಕು ತಿರುಗಿಸುತ್ತಾರೆ. ಮುಂದಿನವರಿಗೆ ಹಿಂದಿನವರು ಕಾಣುವುದೇ ಇಲ್ಲ. ಮೊದಲ ಹತ್ತು ನಿಮಿಷ ಹುಟ್ಟುಗಳು ಒಂದಕ್ಕೊಂದು ಬಡಿಯುತ್ತವೆ, ದೋಣಿ ಇದ್ದಲ್ಲೇ ಸುತ್ತುತ್ತದೆ, ಮೈಯೆಲ್ಲ ನೀರು. ಆಮೇಲೆ ತಟ್ಟನೆ ಲಯ ಕೂಡುತ್ತದೆ. ಜೋಡಿಯಲ್ಲಿ ಮಾತು ಕಡಿಮೆ ಆಡುವವರನ್ನು ಮುಂದೆ ಕೂರಿಸಿ. ಬಾಯಿಬಿಟ್ಟು ಏನೂ ಹೇಳದೆ ಅವರು ದೋಣಿಯನ್ನು ನಡೆಸುತ್ತಾರೆ, ಮಾತುಗಾರರು ಅವರ ಬೆನ್ನು ನೋಡಿಕೊಂಡು ಅನುಸರಿಸುತ್ತಾರೆ. ತರಗತಿಯಲ್ಲಿ ಹೀಗಾಗುವುದು ಅಪರೂಪ.

ನಕ್ಷೆ ಹಿಡಿದು ಓಡುವ ಆಟ ಏನು? ದಾರಿ ತಪ್ಪಿದರೆ?

ಓರಿಯಂಟೀರಿಂಗ್ ಅನ್ನುತ್ತಾರೆ. ನಕ್ಷೆ, ದಿಕ್ಸೂಚಿ ಹಿಡಿದು ಗುರುತು ಮಾಡಿದ ಜಾಗಗಳನ್ನು ಒಂದೊಂದಾಗಿ ಹುಡುಕುವುದು. ಪ್ರತಿ ಜಾಗದಲ್ಲೂ ಕಿತ್ತಳೆ ಮತ್ತು ಬಿಳಿ ಬಣ್ಣದ ಬಾವುಟ ಸಿಗುತ್ತದೆ. ಸಾರ್ವಜನಿಕ ಸ್ಪರ್ಧೆಯಾಗಿ ಇದು ಮೊದಲು ನಡೆದದ್ದು ನಾರ್ವೆಯಲ್ಲಿ, 1897ರಲ್ಲಿ. 1961ರಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಈಗ ನಕ್ಷೆಯ ಚಿಹ್ನೆಗಳು ಜಗತ್ತಿನಾದ್ಯಂತ ಒಂದೇ.

ವಿನಿಮಯ ಗುಂಪಿಗೆ ಇದಕ್ಕಿಂತ ಹೊಂದುವ ಆಟ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಕ್ಷೆಯಲ್ಲಿ ಓದಲು ಅಕ್ಷರವೇ ಇಲ್ಲ. ತ್ರಿಕೋನ ಇದ್ದಲ್ಲಿ ಶುರು, ಎರಡು ಸುತ್ತಿನ ವೃತ್ತ ಇದ್ದಲ್ಲಿ ಮುಕ್ತಾಯ. ನೀಲಿ ನೀರು, ಕಂದು ಗೆರೆ ಏರಿಳಿತ, ಹಳದಿ ಬಯಲು. ಎಲ್ಲರನ್ನೂ ಗೊಂದಲಕ್ಕೆ ಬೀಳಿಸುವುದು ಬಿಳಿ ಬಣ್ಣ. ಬಿಳಿ ಅಂದರೆ ಖಾಲಿ ಜಾಗ ಅಂದುಕೊಳ್ಳುತ್ತಾರೆ, ಅದು ಸಲೀಸಾಗಿ ಓಡಬಹುದಾದ ಕಾಡು! ಹಸಿರು ಗಾಢವಾದಷ್ಟೂ ಪೊದೆ ದಟ್ಟ, ಓಡುವುದು ಕಷ್ಟ. ಇದನ್ನು ಮೊದಲೇ ಹೇಳಿಕೊಡಿ.

ಇಬ್ಬರಿಗೆ ಒಂದೇ ನಕ್ಷೆ ಕೊಡಿ. ಎರಡು ಕೊಟ್ಟರೆ ಇಬ್ಬರೂ ತಮ್ಮ ಪಾಡಿಗೆ ಓಡುತ್ತಾರೆ. ಒಂದೇ ಇದ್ದರೆ ತಲೆಗೆ ತಲೆ ತಾಗಿಸಿ ನಿಂತು, ಬೆರಳಿಟ್ಟು ವಾದ ಮಾಡುತ್ತಾರೆ. ದಿಕ್ಸೂಚಿಯನ್ನು ಫೋನಿನ ಹತ್ತಿರ ಹಿಡಿದರೆ ಒಳಗಿನ ಅಯಸ್ಕಾಂತದಿಂದ ಮುಳ್ಳು ಅತ್ತಿತ್ತ ಓಡುತ್ತದೆ, ಫೋನ್ ಚೀಲದಲ್ಲಿರಲಿ.

ದಾರಿ ತಪ್ಪುವುದು ಆಟದ ಭಾಗ. ಅದಕ್ಕೆ ಮೂರು ಕಟ್ಟುಪಾಡು. ಜಾಗದ ಗಡಿ ರಸ್ತೆ, ಬೇಲಿ, ಹೊಳೆಯಂಥ ಕಣ್ಣಿಗೆ ಕಾಣುವ ವಸ್ತು ಆಗಿರಬೇಕು. ಎಲ್ಲ ಗುರುತು ಸಿಗಲಿ ಬಿಡಲಿ, ಹೇಳಿದ ಸಮಯಕ್ಕೆ ವಾಪಸ್ ಬರಲೇಬೇಕು. ಪ್ರತಿಯೊಬ್ಬರ ಕೊರಳಲ್ಲೂ ಒಂದು ಸೀಟಿ ಇರಬೇಕು.

ಸಾಹಸ ಆದ ಮೇಲೆ ಕೈಕೆಲಸ ಯಾಕೆ? ಸುಮ್ನೆ ಹೊತ್ತು ಕಳೆಯಲಿಕ್ಕಾ?

ಹಾಗೆ ಅಂದುಕೊಂಡು ಇಟ್ಟರೆ ಹಾಗೇ ಆಗುತ್ತದೆ. ಕೊನೆಯ ಅರ್ಧ ಗಂಟೆಗೆ ಬಣ್ಣದ ಪೆನ್ಸಿಲ್ ಹಂಚಿದರೆ ಯಾರಿಗೂ ಉತ್ಸಾಹ ಇರುವುದಿಲ್ಲ. ಎರಡು ಗಂಟೆ ಕೊಡಿ, ಒಳ್ಳೆಯ ಸಾಮಗ್ರಿ ಕೊಡಿ.

ಬೆಳಗಿನ ಆಟದಿಂದ ಮೈ ದಣಿದಿದೆ, ಎದೆಯಲ್ಲಿ ನೂರು ವಿಷಯ ತುಂಬಿದೆ, ಹೇಳಲು ಭಾಷೆ ಸಾಲದು. ಆಗ ಕೈಗೆ ಒಂದು ಕೆಲಸ ಸಿಕ್ಕರೆ ಕಣ್ಣು ಕೆಲಸದ ಮೇಲಿರುತ್ತದೆ, ಮಾತು ಸಲೀಸಾಗಿ ಬರುತ್ತದೆ. ಎದುರಿಗೆ ಮುಖ ನೋಡಿಕೊಂಡು ಪರಭಾಷೆ ಆಡುವ ಮುಜುಗರ ಇರುವುದಿಲ್ಲ. ದಿನದಲ್ಲಿ ಅತಿ ಹೆಚ್ಚು ಹರಟೆ ನಡೆಯುವುದು ಈ ಎರಡು ಗಂಟೆಯಲ್ಲೇ.

ಯಾವ ಕೈಕೆಲಸ ಚೆನ್ನಾಗಿ ಹೊಂದುತ್ತದೆ?

ಬಿಸಿಲಿದ್ದರೆ ನಮ್ಮ ಮೊದಲ ಆಯ್ಕೆ ಸಯನೋಟೈಪ್, ಬಿಸಿಲಿನಿಂದ ಅಚ್ಚೊತ್ತುವ ನೀಲಿ ಚಿತ್ರ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದ ವಿಧಾನ. ಮರುವರ್ಷವೇ ಅಲ್ಲಿಯ ಸಸ್ಯಶಾಸ್ತ್ರಜ್ಞೆ ಆನಾ ಅಟ್ಕಿನ್ಸ್ ಇದೇ ವಿಧಾನದಿಂದ ಪಾಚಿಗಳ ಚಿತ್ರಗಳನ್ನು ಮಾಡಿ ಪುಸ್ತಕವಾಗಿ ತರಲು ಶುರುಮಾಡಿದರು. ಕಬ್ಬಿಣದ ಲವಣ ಸವರಿ ಕತ್ತಲಲ್ಲಿ ಒಣಗಿಸಿದ ಕಾಗದ ಬೇಕು. ಮೊದಲೇ ತಯಾರಿಸಿದ ಕಾಗದ ಸಿಗುತ್ತದೆ, ಗುಂಪಿಗೆ ಅದೇ ಸುಲಭ.

ಕಾಗದ ಮೊದಲಿಗೆ ಹಳದಿ ಮಿಶ್ರಿತ ಹಸಿರು. ಬೆಳಿಗ್ಗೆ ನಡೆದ ದಾರಿಯಲ್ಲಿ ಬಿದ್ದಿದ್ದ ಎಲೆ, ಗರಿ, ಒಣ ಹುಲ್ಲನ್ನು ಅದರ ಮೇಲೆ ಜೋಡಿಸುತ್ತಾರೆ, ಗಾಜು ಮುಚ್ಚಿ ಬಿಸಿಲಿಗೆ ಇಡುತ್ತಾರೆ. ಹಗ್ಗದ ತುಂಡು, ಜೊತೆಗಾರರ ಕೈ ಕೂಡ ಇಡಬಹುದು. ನೋಡನೋಡುತ್ತಿದ್ದಂತೆ ಕಾಗದ ಬೂದು ಬಣ್ಣಕ್ಕೆ ತಿರುಗುತ್ತದೆ. ಬಿಸಿಲಿನ ಖಾರ ನೋಡಿಕೊಂಡು ಐದರಿಂದ ಇಪ್ಪತ್ತು ನಿಮಿಷ. ಆಮೇಲೆ ಎಲೆ ತೆಗೆದು ನೀರಿಗೆ ಹಾಕಬೇಕು. ಬಿಸಿಲು ಬೀಳದ ಭಾಗದ ಲವಣ ತೊಳೆದುಹೋಗಿ ಎಲೆಯ ಆಕಾರ ಬಿಳಿಯಾಗಿ ಏಳುತ್ತದೆ, ಸುತ್ತ ನೀಲಿ. ಒಬ್ಬರ ಕಾಗದ ನೀರಲ್ಲಿರುವಾಗ ಉಳಿದವರೆಲ್ಲ ಬಟ್ಟಲ ಸುತ್ತ ಬಗ್ಗಿ ನಿಂತಿರುತ್ತಾರೆ. ಆ ಹೊತ್ತಿಗೆ ಯಾರು ಯಾವ ದೇಶದವರು ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ಒಣಗಿದ ಮೇಲೆ, ಒಂದು ದಿನ ಕಳೆದಂತೆ, ನೀಲಿ ಇನ್ನೂ ಗಾಢವಾಗುತ್ತದೆ. ಕೈಗೆ ಗವಸು ಹಾಕಿಕೊಳ್ಳಿ, ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ. ನೆನಪಿರಲಿ, ಗಿಡದಿಂದ ಕೀಳುವುದು ಬೇಡ, ಬಿದ್ದದ್ದನ್ನು ಮಾತ್ರ ಆರಿಸಿಕೊಳ್ಳಲಿ. ಕೆಲವು ಕಡೆ ಬಿದ್ದದ್ದನ್ನು ತೆಗೆಯಲೂ ಅನುಮತಿ ಬೇಕು, ಮೊದಲೇ ವಿಚಾರಿಸಿ.

ಜೇಡಿಮಣ್ಣು ಮಕ್ಕಳಿಗೆ ಇಷ್ಟ. ಆದರೆ ಅದೇ ದಿನ ಮನೆಗೆ ಒಯ್ಯಲಾಗುವುದಿಲ್ಲ. ಮಣ್ಣು ಪೂರ್ತಿ ಒಣಗಲು ದಿನಗಟ್ಟಲೆ ಬೇಕು. ಹಸಿ ಇದ್ದಾಗಲೇ ಸುಟ್ಟರೆ ಒಳಗಿನ ನೀರು ಆವಿಯಾಗಿ ಒಡೆಯುತ್ತದೆ. ಇನ್ನೊಂದು ವಾರದಲ್ಲಿ ವಾಪಸ್ ಹೋಗುವ ಗುಂಪಿಗೆ ಗಾಳಿಯಲ್ಲೇ ಒಣಗುವ ಮಣ್ಣು ಕೊಡಿ.

ಮಳೆ ಇದ್ದರೆ ದೊಡ್ಡ ಬಟ್ಟೆಯ ಮೇಲೆ ಎಲ್ಲರೂ ಸೇರಿ ಒಂದೇ ಚಿತ್ರ ಮಾಡಬಹುದು. ಬೆಳಗಿನ ದಾರಿಯ ನಕ್ಷೆಯನ್ನೇ ಬಿಡಿಸಿ: ಎಲ್ಲಿ ಜಾರಿದೆವು, ಎಲ್ಲಿ ದಾರಿ ತಪ್ಪಿತು, ಎಲ್ಲಿ ನಕ್ಕೆವು.

ನನಗೆ ಚಿತ್ರ ಬರೆಯಲು ಬರುವುದೇ ಇಲ್ಲ.

ಬೇಕಾಗಿಲ್ಲ. ನೀಲಿ ಅಚ್ಚಿನಲ್ಲಿ ಗೆರೆ ಎಳೆಯುವ ಕೆಲಸವೇ ಇಲ್ಲ. ಬಹುಮಾನ, ಅಂಕ ಯಾವುದೂ ಇರುವುದಿಲ್ಲ.

ಮಳೆ ಬಂದರೆ ರದ್ದಾಗುತ್ತದಾ?

ಬರೀ ಮಳೆಗೆ ರದ್ದು ಮಾಡುವುದಿಲ್ಲ. ಬಂಡೆ ಜಾರುವಂತಿದ್ದರೆ ಹತ್ತುವುದನ್ನು ಬಿಟ್ಟು ಬೇರೆ ಇಡುತ್ತೇವೆ.

ಗುಡುಗಿನ ವಿಷಯ ಬೇರೆ. ಗುಡುಗು ಕೇಳಿಸಿತು ಅಂದರೆ ಸಿಡಿಲು ಬೀಳುವಷ್ಟು ಹತ್ತಿರ ಇದ್ದೀರಿ ಅಂತಲೇ ಅರ್ಥ. ಶಬ್ದಕ್ಕೆ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಮಿಂಚಿ ಮೂವತ್ತು ಸೆಕೆಂಡಿಗೆ ಗುಡುಗಿದರೆ ಮೋಡ ಸುಮಾರು 10 ಕಿಲೋಮೀಟರ್ ದೂರದಲ್ಲಿದೆ. ಅಷ್ಟು ದೂರಕ್ಕೂ ಸಿಡಿಲು ಹಾಯಬಹುದು. ಎಣಿಸುತ್ತಾ ನಿಲ್ಲಬೇಡಿ. ನೀರಿನಿಂದ ಹೊರಗೆ, ಹಗ್ಗದಿಂದ ಕೆಳಗೆ, ಗಟ್ಟಿ ಕಟ್ಟಡದ ಅಥವಾ ಮುಚ್ಚಿದ ವಾಹನದ ಒಳಗೆ. ಒಂಟಿ ಮರದ ಕೆಳಗೆ ಬೇಡ, ಟೆಂಟಿನೊಳಗೂ ಬೇಡ. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಾಯಬೇಕು. ನಡುವೆ ಮತ್ತೆ ಗುಡುಗಿದರೆ ಎಣಿಕೆ ಮೊದಲಿನಿಂದ. ಎಷ್ಟೇ ಬೇಡಿಕೊಂಡರೂ ಇದರಲ್ಲಿ ರಾಜಿ ಇಲ್ಲ.

ಏನು ಹಾಕಿಕೊಂಡು ಬರಬೇಕು?

ಒದ್ದೆಯಾದರೂ ಕೊಳೆಯಾದರೂ ಬೇಸರವಾಗದ ಬಟ್ಟೆ. ಬೆರಳು ಮುಚ್ಚುವ ಶೂ. ಒಂದು ಪೂರ್ತಿ ಜೊತೆ ಒಣ ಬಟ್ಟೆ, ಒಣ ಸಾಕ್ಸ್ ಚೀಲದಲ್ಲಿರಲಿ. ಚಳಿ ಇರುವ ಜಾಗಕ್ಕೆ ಹತ್ತಿಯ ಬಟ್ಟೆ ಬೇಡ, ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈ ತಣ್ಣಗಾಗುತ್ತದೆ. ಉಂಗುರ, ಸರ, ಓಲಾಡುವ ಓಲೆ ಮನೆಯಲ್ಲೇ ಬಿಡಿ. ಕೂದಲು ಕಟ್ಟಿ. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಹೆಚ್ಚಿನದು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ನೀರಲ್ಲಿ ಆಡಿ ಬಂದ ಮೇಲೆ ಇನ್ನೊಮ್ಮೆ.

ತಲೆವಸ್ತ್ರ, ಪ್ರಾರ್ಥನೆ, ಉಪವಾಸ, ಮೈ ಮುಟ್ಟುವುದು, ಇವುಗಳ ಬಗ್ಗೆ ಏನು?

ಇವೆಲ್ಲಕ್ಕೂ ದಾರಿ ಇದೆ, ಮೊದಲೇ ಗೊತ್ತಿರಬೇಕು ಅಷ್ಟೇ. ತಲೆವಸ್ತ್ರವನ್ನು ಹೆಲ್ಮೆಟ್ ಒಳಗೆ ಬಿಗಿಯಾಗಿ ಸುತ್ತಿ, ತುದಿಗಳನ್ನು ಒಳಗೆ ಸೇರಿಸಿ, ಪಿನ್ ತೆಗೆದರೆ ಆಯಿತು. ಮೈ ಮುಚ್ಚುವ ಈಜುಡುಗೆಗೆ ಅಡ್ಡಿಯಿಲ್ಲ. ಪ್ರಾರ್ಥನೆಯ ಹೊತ್ತನ್ನು ವೇಳಾಪಟ್ಟಿಯಲ್ಲೇ ಸೇರಿಸಿ, ಆಗ ಆ ವಿದ್ಯಾರ್ಥಿ ಆಟದ ನಡುವೆ ಎದ್ದು ಹೋಗಬೇಕಾಗುವುದಿಲ್ಲ. ಉಪವಾಸ ಇರುವವರಿಗೆ ಕಷ್ಟದ ಚಟುವಟಿಕೆ ಬೆಳಿಗ್ಗೆ ಬೇಗ ಮುಗಿಯಲಿ. ನೀರೂ ಕುಡಿಯದ ಉಪವಾಸವಾದರೆ ಆ ದಿನವನ್ನೇ ಬದಲಿಸುವುದು ಒಳ್ಳೆಯದು.

ಬೆಲ್ಟ್ ಪರೀಕ್ಷಿಸುವಾಗ ಸೊಂಟ, ತೊಡೆಯ ಹತ್ತಿರ ಕೈ ಹೋಗುತ್ತದೆ. ಕೇಳದೆ ಯಾರೂ ಮುಟ್ಟುವಂತಿಲ್ಲ. "ಪಟ್ಟಿ ನೀನೇ ಎಳೆದು ತೋರಿಸು" ಅಂದರೆ ಬಹಳ ಸಲ ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಬೇಕೇ ಆದರೆ ಹುಡುಗಿಯರಿಗೆ ಮಹಿಳಾ ತರಬೇತುದಾರರು ಇರಲಿ.

ಮುಟ್ಟಾದವರು ಹತ್ತಬಹುದು, ಓಡಬಹುದು, ದೋಣಿಗೂ ಹೋಗಬಹುದು. ಬೇಡ ಅನ್ನಿಸಿದರೆ ಕಾರಣ ಹೇಳಬೇಕಾಗಿಲ್ಲ. ಪ್ಯಾಡ್ ಮತ್ತು ಬಟ್ಟೆ ಬದಲಿಸುವ ಜಾಗ ಎಲ್ಲಿದೆ ಅಂತ ಬೆಳಿಗ್ಗೆಯೇ ಎಲ್ಲರಿಗೂ ತೋರಿಸಿ, ಆಗ ಯಾರೂ ಪಿಸುಗುಟ್ಟಿ ಕೇಳಬೇಕಾಗುವುದಿಲ್ಲ.

ಅಂಗವೈಕಲ್ಯ ಇರುವ ವಿದ್ಯಾರ್ಥಿ ಬರಬಹುದಾ?

ಬರಲೇಬೇಕು. ಏನು ಸಾಧ್ಯ ಅನ್ನುವುದನ್ನು ಶಿಕ್ಷಕರನ್ನೋ ಹೆತ್ತವರನ್ನೋ ಕೇಳುವ ಮೊದಲು ಆ ವಿದ್ಯಾರ್ಥಿಯನ್ನೇ ಕೇಳಿ. ಕುರ್ಚಿಯಂಥ ಬೆಲ್ಟು, ಬೆನ್ನಿಗೆ ಆಸರೆ ಇರುವ ದೋಣಿ ಎಷ್ಟೋ ಕೇಂದ್ರಗಳಲ್ಲಿವೆ. ಜಾಗ ಗೊತ್ತುಮಾಡುವಾಗಲೇ ವಿಚಾರಿಸಬೇಕು, ಹಿಂದಿನ ದಿನ ಕೇಳಿದರೆ ಸಿಗುವುದಿಲ್ಲ.

ಔಷಧಿ, ಅಲರ್ಜಿ ಇದ್ದರೆ?

ಅಸ್ತಮಾ ಇರುವವರ ಇನ್‌ಹೇಲರ್ ಅವರ ಜೊತೆಯಲ್ಲೇ ಇರಬೇಕು, ಬಸ್ಸಿನಲ್ಲಿ ಬಿಟ್ಟ ಚೀಲದಲ್ಲಿ ಇರಬಾರದು. ತೀವ್ರ ಅಲರ್ಜಿಯ ಚುಚ್ಚುಮದ್ದೂ ಹಾಗೇ, ಅದನ್ನು ಬಿಸಿಲಲ್ಲಿ ನಿಂತ ವಾಹನದಲ್ಲಿ ಇಡಲೇಬೇಡಿ. ಅದನ್ನು ಹಾಕುವುದು ಹೇಗೆಂದು ಗುಂಪಿನ ಜೊತೆ ಇರುವ ದೊಡ್ಡವರಿಗೆ ಗೊತ್ತಿರಬೇಕು. ಮೂರ್ಛೆರೋಗ ಇದ್ದರೆ ನೀರು ಮತ್ತು ಎತ್ತರದ ಚಟುವಟಿಕೆಗೆ ಮೊದಲು ವೈದ್ಯರ ಸಲಹೆ ಬೇಕು.

ಒಪ್ಪಿಗೆ ಪತ್ರಕ್ಕೆ ಯಾರು ಸಹಿ ಹಾಕಬೇಕು? ವಿಮೆ ಸಾಕಾಗುತ್ತದಾ?

ಹದಿನೆಂಟರೊಳಗಿನವರಾದರೆ ಆತಿಥೇಯ ಕುಟುಂಬದ ಸಹಿ ಸಾಕಾಗದೇ ಇರಬಹುದು. ಹೆತ್ತವರ ಸಹಿ ಬೇಕಾದರೆ ಅದು ಬೇರೆ ದೇಶದಿಂದ ಬರಬೇಕು, ವಾರಗಳ ಮೊದಲೇ ಕಳಿಸಿ. ಪತ್ರ ಅವರಿಗೆ ಅರ್ಥವಾಗುವ ಭಾಷೆಯಲ್ಲಿರಲಿ. "ಹೊರಾಂಗಣ ಚಟುವಟಿಕೆಗಳು" ಅಂತ ಒಂದೇ ಸಾಲು ಬರೆದರೆ ಅದು ಒಪ್ಪಿಗೆ ಅಲ್ಲ. ಬಂಡೆ ಹತ್ತುವುದು, ಕಯಾಕ್, ಎಷ್ಟು ಎತ್ತರ, ಎಂಥ ನೀರು, ಎಲ್ಲವನ್ನೂ ಬಿಡಿಸಿ ಬರೆಯಿರಿ.

ವಿಮೆಯ ಪತ್ರದಲ್ಲಿ ಯಾವುದನ್ನು ಹೊರಗಿಟ್ಟಿದ್ದಾರೆ ಅನ್ನುವ ಪುಟವನ್ನು ಮೊದಲು ಓದಿ. ಪ್ರಯಾಣ ವಿಮೆಯಲ್ಲಿ ಹಗ್ಗದ ಮೇಲೆ ಹತ್ತುವುದು, ಜಲಕ್ರೀಡೆ ಸೇರಿಲ್ಲದಿರಬಹುದು. ವಿನಿಮಯ ಸಂಸ್ಥೆಗೂ ತನ್ನದೇ ನಿಷೇಧದ ಪಟ್ಟಿ ಇರಬಹುದು. ಸಂದೇಹ ಇದ್ದರೆ ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

ಫೋನ್, ಫೋಟೋ?

ನೀರು, ಹಗ್ಗದ ಹತ್ತಿರ ಫೋನ್ ಬೇಡ. ಹಗ್ಗ ಹಿಡಿದವರು ಫೋಟೋ ತೆಗೆಯುವುದಂತೂ ಬೇಡವೇ ಬೇಡ. ಫೋಟೋಗೆ ಒಬ್ಬರನ್ನು ನೇಮಿಸಿ. ಯಾರ ಚಿತ್ರ ಎಲ್ಲೂ ಹಾಕಬಾರದು ಅನ್ನುವ ಪಟ್ಟಿ ಅವರ ಕೈಯಲ್ಲಿರಲಿ. ಭಯದಿಂದ ಅಳುತ್ತಿರುವವರ, ಬಟ್ಟೆ ಒದ್ದೆಯಾಗಿ ಮುಜುಗರದಲ್ಲಿರುವವರ ಫೋಟೋ ತೆಗೆಯಲೇಬಾರದು.

ಚೆನ್ನಾಗಿ ಆಡುತ್ತಿದ್ದವರು ಇದ್ದಕ್ಕಿದ್ದಂತೆ ಮಂಕಾದರೆ?

ಇದು ಆಗುತ್ತದೆ. ಖುಷಿಯ ದಿನದ ನಡುವೆಯೇ ಮನೆ ನೆನಪಾಗುತ್ತದೆ, ಈ ಖುಷಿಯನ್ನು ನೋಡಲು ಮನೆಯವರು ಇಲ್ಲವಲ್ಲ ಅಂತ. "ಏನಾಯ್ತು, ಏನಾಯ್ತು" ಅಂತ ಸುತ್ತುವರಿಯಬೇಡಿ. ಪಕ್ಕದಲ್ಲಿ ಕೂತು ಒಂದು ಸಣ್ಣ ಕೆಲಸ ಕೊಡಿ: ಹಗ್ಗ ಸುತ್ತುವುದು, ಕಾಗದ ಒಣಹಾಕುವುದು. ಹೊಟ್ಟೆ ಹಸಿದಿದೆಯಾ, ಒದ್ದೆ ಬಟ್ಟೆಯಲ್ಲಿದ್ದಾರಾ ನೋಡಿ. ಚಳಿಯಿಂದ ಮಾತು ತೊದಲುತ್ತಿದ್ದರೆ, ಕೈ ನಡುಗಿ ಗುಂಡಿ ಹಾಕಲೂ ಆಗದಿದ್ದರೆ ಅದು ಮನಸ್ಸಿನ ವಿಷಯ ಅಲ್ಲ, ಕೂಡಲೇ ಒಣ ಬಟ್ಟೆ ಹಾಕಿಸಿ ಬೆಚ್ಚಗೆ ಮಾಡಬೇಕು, ತರಬೇತುದಾರರಿಗೆ ತಿಳಿಸಬೇಕು.

ದಿನದ ಕೊನೆಗೆ ಎಲ್ಲರೂ ಮಾತಾಡಬೇಕಾ?

ಬೇಡ. ವೃತ್ತವಾಗಿ ಕೂತು ತಾವು ಮಾಡಿದ್ದನ್ನು ಮುಂದಿಟ್ಟರೆ ಸಾಕು. ಮಾತಾಡುವವರು ತಮ್ಮ ಭಾಷೆಯಲ್ಲೇ ಆಡಲಿ, ಗೊತ್ತಿದ್ದವರು ತಿಳಿಸಲಿ. ಮಾತು ಬೇಡ ಅಂದವರು ಜೋಡಿಯವರಿಗೆ ತಮ್ಮ ನೀಲಿ ಅಚ್ಚನ್ನು ಕೊಟ್ಟು ಅವರದನ್ನು ಪಡೆಯಬಹುದು. ಈ ಅದಲುಬದಲು ಕಡ್ಡಾಯ ಮಾಡಬೇಡಿ. ತನ್ನದನ್ನು ತಾನೇ ಇಟ್ಟುಕೊಳ್ಳುವ ಆಸೆ ಕೆಲವರಿಗೆ ಇರುತ್ತದೆ, ಅದೂ ಸರಿಯೇ.

ಮರುದಿನ ಮಾಡಬೇಕಾದ್ದು ಏನಾದರೂ ಇದೆಯಾ?

ಇದೆ. ಜಾರಿದ್ದು, ಗಂಟು ತಪ್ಪಿದ್ದು, ಯಾರಿಗೂ ಪೆಟ್ಟಾಗದೆ ಸ್ವಲ್ಪದರಲ್ಲಿ ತಪ್ಪಿದ್ದು ಎಲ್ಲವನ್ನೂ ಶಿಕ್ಷಕರೂ ತರಬೇತುದಾರರೂ ಸೇರಿ ಬರೆದಿಡಬೇಕು, ಮುಂದಿನ ಗುಂಪಿಗೆ ಅದು ಬೇಕು. ಅಚ್ಚುಗಳು ಪೂರ್ತಿ ಒಣಗಿವೆಯಾ ನೋಡಿ ಗಟ್ಟಿ ರಟ್ಟಿನ ನಡುವೆ ಇಟ್ಟು ಕೊಡಿ, ವಿಮಾನದ ಸೂಟ್‌ಕೇಸಿನಲ್ಲಿ ಮಡಚಿಹೋಗಬಾರದು. ಜೋಡಿಗಳ ಪಟ್ಟಿಯನ್ನು ಎಸೆಯಬೇಡಿ. ಮುಂದಿನ ವಾರ ತರಗತಿಯಲ್ಲಿ ಜಂಟಿ ಕೆಲಸ ಕೊಡುವಾಗ ಅದೇ ಜೋಡಿಗಳನ್ನು ಕೂರಿಸಿ.